ಕಂಪ್ಯೂಟರ್ ಆಡಿಸುವ ಕ್ರಿಕೆಟ್ ಲೀಗ್‌ಗೆ ತಂಡ ಕಟ್ಟುವ ಲೆಕ್ಕ

ವಿಜಯಪುರದಲ್ಲಿ ಎಂಟು ಮಂದಿ ಕ್ರಿಕೆಟ್ ಹುಚ್ಚಿನವರು ಸೇರಿ ಆನ್‌ಲೈನ್ ಲೀಗ್ ಶುರು ಮಾಡಿ ಹಳೆಯ ಆಟಗಾರರನ್ನು ಸರದಿಯಲ್ಲಿ ಆರಿಸತೊಡಗಿದರೆ ಮೊದಲ ಜಗಳ ರಾಹುಲ್ ದ್ರಾವಿಡ್‌ಗಾಗಿ, ಎರಡನೆಯದು ಅನಿಲ್ ಕುಂಬ್ಳೆಗಾಗಿ. ನಾಲ್ಕನೇ ಸುತ್ತು ಮುಗಿಯುವ ಹೊತ್ತಿಗೆ ಗುಂಡಪ್ಪ ವಿಶ್ವನಾಥ್, ಚಂದ್ರಶೇಖರ್, ಶ್ರೀನಾಥ್ ಎಲ್ಲರೂ ಯಾರದೋ ಪಾಲಾಗಿರುತ್ತಾರೆ. ಪಟ್ಟಿ ಓದಲಿಕ್ಕೆ ಬಲು ಚೆಂದ. ಆಮೇಲೆ ಕಂಪ್ಯೂಟರ್ ಪಂದ್ಯ ಆಡಿಸತೊಡಗುತ್ತದೆ. ಅಷ್ಟೇನೂ ಸುದ್ದಿಯಲ್ಲಿಲ್ಲದ ಆಟಗಾರರನ್ನು ಕಲೆಹಾಕಿದವನ ತಂಡ ಮೇಲೇರುತ್ತದೆ, ದಿಗ್ಗಜರ ತಂಡ ತಳದಲ್ಲಿ ಉಳಿಯುತ್ತದೆ. "ಇದರಾಗ ಏನೋ ಮೋಸ ಐತಿ ಬಿಡ್ರಿ" ಎಂಬ ಮಾತು ಆಗ ಬಂದೇ ಬರುತ್ತದೆ.

ಮೋಸವೇನೂ ಇಲ್ಲ. ಆ ಲೀಗಿನಲ್ಲಿ ಆಡುವುದು ದ್ರಾವಿಡ್ ಅಲ್ಲ, ದ್ರಾವಿಡ್ ಬಿಟ್ಟುಹೋದ ಅಂಕಿಗಳು. ಆ ಅಂಕಿಗಳು ಎಸೆತದಿಂದ ಎಸೆತಕ್ಕೆ ಹೇಗೆ ಕೆಲಸ ಮಾಡುತ್ತವೆ ಎಂಬುದು ತಿಳಿದರೆ ತಂಡ ಕಟ್ಟುವ ರೀತಿಯೇ ಬದಲಾಗುತ್ತದೆ. ಅದನ್ನು ಹತ್ತನೇ ತರಗತಿಯ ಗಣಿತದ ಆಚೆ ಹೋಗದೆ ವಿವರಿಸಬಹುದು.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಇದು ಫ್ಯಾಂಟಸಿ ಕ್ರಿಕೆಟ್ ಅಲ್ಲ. ಫ್ಯಾಂಟಸಿಯಲ್ಲಿ ನಿಜವಾದ ಪಂದ್ಯ ಎಲ್ಲೋ ನಡೆಯುತ್ತದೆ, ಅಲ್ಲಿ ಹೊಡೆದ ರನ್ನಿಗೆ ಇಲ್ಲಿ ನಿಮಗೆ ಅಂಕ ಸಿಗುತ್ತದೆ. ನಾಳೆ ಯಾರು ಚೆನ್ನಾಗಿ ಆಡುತ್ತಾರೆ ಎಂದು ಊಹಿಸುವುದೇ ಅಲ್ಲಿನ ಆಟ. ಅದಕ್ಕೆ ದುಡ್ಡು ಕಟ್ಟಿ ಆಡುವುದನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ದೇಶದಾದ್ಯಂತ ನಿಷೇಧಿಸಿದೆ. ಮನೆ ಹಾಳಾಗುವುದನ್ನು ನಮ್ಮ ಜಿಲ್ಲೆಯೂ ಕಂಡಿದೆ, ಹಾಗಾಗಿ ಆ ಕಾಯ್ದೆ ಬಂದದ್ದು ಒಳ್ಳೆಯದೇ ಆಯಿತು. ನಾನು ಹೇಳುತ್ತಿರುವ ಲೀಗಿನಲ್ಲಿ ದುಡ್ಡಿನ ಮಾತಿಲ್ಲ, ನಿಜವಾದ ಪಂದ್ಯದ ಹಂಗೂ ಇಲ್ಲ. ಚರಿತ್ರೆಯ ಆಟಗಾರರನ್ನು ಸರದಿಯ ಪ್ರಕಾರ ಹಂಚಿಕೊಳ್ಳುವುದು, ಬ್ಯಾಟಿಂಗ್ ಕ್ರಮ ಮತ್ತು ಬೌಲಿಂಗ್ ಹಂಚಿಕೆ ಬರೆದುಕೊಡುವುದು, ಉಳಿದದ್ದನ್ನು ಕಂಪ್ಯೂಟರಿಗೆ ಬಿಡುವುದು.

ಕಂಪ್ಯೂಟರ್ ಒಳಗೆ ಏನು ಮಾಡುತ್ತದೆ? ಶಾಲೆಯ ಕೊನೆಯ ಬೆಂಚಿನಲ್ಲಿ ಬುಕ್ ಕ್ರಿಕೆಟ್ ಆಡಿದವರಿಗೆ ಅರ್ಧ ಉತ್ತರ ಗೊತ್ತೇ ಇದೆ. ಸಮಾಜ ಪುಸ್ತಕವನ್ನು ಫಕ್ಕನೆ ತೆರೆದು ಎಡಪುಟದ ಕೊನೆಯ ಅಂಕಿ ನೋಡುತ್ತಿದ್ದೆವು: ಎರಡು, ನಾಲ್ಕು, ಆರು ಬಂದರೆ ಅಷ್ಟೇ ರನ್, ಸೊನ್ನೆ ಬಂದರೆ ಔಟ್, ಎಂಟಕ್ಕೆ ಒಂದೊಂದು ಓಣಿಯಲ್ಲಿ ಒಂದೊಂದು ನಿಯಮ. ಐದು ಅಂಕಿಗಳಲ್ಲಿ ಒಂದು ಔಟ್ ಆದ್ದರಿಂದ ಅಲ್ಲಿ ಪ್ರತಿ ಎಸೆತದಲ್ಲೂ ಔಟಾಗುವ ಸಂಭವ ನೂರಕ್ಕೆ ಇಪ್ಪತ್ತು. ತೆಂಡೂಲ್ಕರ್ ಎಂದು ಹೆಸರಿಟ್ಟರೂ ಅಷ್ಟೇ, ಹನ್ನೊಂದನೇ ಆಟಗಾರ ಬಂದರೂ ಅಷ್ಟೇ. ಸಿಮ್ಯುಲೇಶನ್ ಎಂಜಿನ್, ಅಂದರೆ ಪಂದ್ಯ ಆಡಿಸುವ ಕಂಪ್ಯೂಟರ್ ಪ್ರೋಗ್ರಾಂ, ಮಾಡುವುದೂ ಇದನ್ನೇ. ಆದರೆ ಬ್ಯಾಟರ್ ಯಾರು, ಬೌಲರ್ ಯಾರು, ಪಿಚ್ ಎಂಥದು ಎಂಬುದನ್ನು ನೋಡಿಕೊಂಡು ಪ್ರತಿ ಎಸೆತಕ್ಕೂ ಪುಟಗಳ ಪ್ರಮಾಣವನ್ನು ಬದಲಾಯಿಸುತ್ತದೆ.

ಒಂದು ಎಸೆತವನ್ನು ಬಿಡಿಸಿ ನೋಡೋಣ. ಇಪ್ಪತ್ತು ಓವರ್‌ಗಳ ಪಂದ್ಯ. ನಿಮ್ಮ ಲೀಗಿನಲ್ಲಿ ಸರಾಸರಿ 20 ಎಸೆತಕ್ಕೊಂದು ವಿಕೆಟ್ ಬೀಳುತ್ತದೆ ಎಂದುಕೊಳ್ಳಿ. ಅಂದರೆ ಒಂದು ಎಸೆತದಲ್ಲಿ ವಿಕೆಟ್ ಬೀಳುವ ಸಂಭವ ನೂರಕ್ಕೆ 5. ಬ್ಯಾಟರ್‌ನ ಸರಾಸರಿ (ಒಂದು ಸಲ ಔಟಾಗುವುದರೊಳಗೆ ಹೊಡೆಯುವ ರನ್) 35, ಸ್ಟ್ರೈಕ್ ರೇಟ್ 140. ನೂರು ಎಸೆತಕ್ಕೆ 140 ರನ್ ಹೊಡೆಯುವವನು 35 ರನ್ ಹೊಡೆಯಲು 25 ಎಸೆತ ತಗೊಳ್ಳುತ್ತಾನೆ, ಹಾಗಾಗಿ ಅವನು ಔಟಾಗುವ ಸಂಭವ ಎಸೆತಕ್ಕೆ ನೂರಕ್ಕೆ 4. ಬೌಲರ್‌ನ ಸರಾಸರಿ (ಒಂದು ವಿಕೆಟ್‌ಗೆ ಕೊಡುವ ರನ್) 21, ಎಕಾನಮಿ 7. ಓವರಿಗೆ 7 ರನ್ ಕೊಡುವವನು 21 ರನ್ ಕೊಡಲು ಮೂರು ಓವರ್, ಅಂದರೆ 18 ಎಸೆತ ಬೇಕು. ಅವನು ವಿಕೆಟ್ ಕೀಳುವ ಸಂಭವ ನೂರಕ್ಕೆ ಸುಮಾರು 5.55. ಇಬ್ಬರೂ ಎದುರಾದಾಗ ಸರಳ ಎಂಜಿನ್ ಎರಡನ್ನೂ ಗುಣಿಸಿ ಲೀಗಿನ ಸರಾಸರಿಯಿಂದ ಭಾಗಿಸುತ್ತದೆ: 4 × 5.55 ÷ 5 = 4.44. ಈಗ ಕಂಪ್ಯೂಟರ್ ಒಂದರಿಂದ ಸಾವಿರದೊಳಗೆ ಮನಸ್ಸಿಗೆ ಬಂದ ಒಂದು ಸಂಖ್ಯೆ ಎತ್ತುತ್ತದೆ. 44 ಅಥವಾ ಅದಕ್ಕಿಂತ ಕಡಿಮೆ ಬಂದರೆ ಔಟ್. 44ಕ್ಕಿಂತ ಮೇಲಿನ ಸಂಖ್ಯೆಗಳನ್ನು ಸೊನ್ನೆ, ಒಂದು, ಎರಡು, ನಾಲ್ಕು, ಆರು ಎಂದು ಹಂಚಿರುತ್ತದೆ. ಇಷ್ಟಾದರೆ ಒಂದು ಎಸೆತ ಮುಗಿಯಿತು. ಪವರ್‌ಪ್ಲೇ, ದಣಿವು, ಹೊಸ ಬ್ಯಾಟರ್‌ನ ತಡವರಿಕೆ ಮುಂತಾದವನ್ನು ಒಳ್ಳೆಯ ಎಂಜಿನ್‌ಗಳು ಇದರ ಮೇಲೆ ಹೇರುತ್ತವೆ, ಆದರೆ ಅಡಿಪಾಯ ಇದೇ.

ಇಲ್ಲಿಂದ ಸಿಗುವ ಮೊದಲ ಪಾಠವನ್ನು ಬಹಳ ಜನ ಗಮನಿಸುವುದಿಲ್ಲ. ಎಂಜಿನ್‌ಗೆ ಬೇಕಾದದ್ದು ಬರೀ ಸರಾಸರಿ ಅಲ್ಲ, ಎಷ್ಟು ಎಸೆತಕ್ಕೊಮ್ಮೆ ಔಟಾಗುತ್ತಾನೆ ಎಂಬುದು. ಸರಾಸರಿಯನ್ನು ಸ್ಟ್ರೈಕ್ ರೇಟಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಅದು ಸಿಗುತ್ತದೆ. ಟೆಸ್ಟ್‌ನಲ್ಲಿ ದ್ರಾವಿಡ್‌ರ ಸರಾಸರಿ 52.31, ವೀರೇಂದ್ರ ಸೆಹ್ವಾಗ್‌ರದು 49.34. ಕಾಗದದ ಮೇಲೆ ಮೂರು ರನ್ನಿನ ಅಂತರ. ಆದರೆ ಸ್ಟ್ರೈಕ್ ರೇಟ್ ದ್ರಾವಿಡ್‌ರದು 42.51, ಸೆಹ್ವಾಗ್‌ರದು 82.23. ಲೆಕ್ಕ ಮಾಡಿದರೆ ದ್ರಾವಿಡ್ ಒಂದು ಸಲ ಔಟಾಗಲು 123 ಎಸೆತ, ಸೆಹ್ವಾಗ್ ಔಟಾಗಲು 60 ಎಸೆತ. ಇವರಿಬ್ಬರೂ ಎಂಜಿನ್ ಒಳಗೆ ಬೇರೆ ಬೇರೆ ಪ್ರಾಣಿಗಳೇ ಸರಿ.

ಯಾರು ಮೇಲು ಎಂಬುದು ನಿಮ್ಮ ಎಂಜಿನ್ ಬೌಲರ್‌ಗಳನ್ನು ದಣಿಸುತ್ತದೋ ಇಲ್ಲವೋ ಎಂಬುದರ ಮೇಲಿದೆ. ದಣಿಸುತ್ತದೆ ಎಂದಾದರೆ ದ್ರಾವಿಡ್‌ರ ಬೆಲೆ ಸ್ಕೋರ್‌ಕಾರ್ಡಿನಲ್ಲಿ ಕಾಣುವುದಕ್ಕಿಂತ ಬಹಳ ದೊಡ್ಡದು. ಅವರು ಆಡಿದ ಒಂದೊಂದು ಎಸೆತವೂ ಎದುರಾಳಿಯ ಮುಖ್ಯ ಬೌಲರ್‌ನ ಕಾಲಿನ ಕಸುವನ್ನು ಹೀರುತ್ತದೆ, ಅದರ ಲಾಭ ಐದನೇ, ಆರನೇ ಕ್ರಮಾಂಕದವರಿಗೆ ಸಿಗುತ್ತದೆ. ನಿಜವಾದ ಕ್ರಿಕೆಟ್ಟಿನಲ್ಲೂ ಹೀಗೇ ಇತ್ತು. ಟೆಸ್ಟ್‌ನಲ್ಲಿ ಅವರು ಎದುರಿಸಿದ 31,258 ಎಸೆತಗಳು ಅವರ 13,288 ರನ್‌ಗಳಷ್ಟೇ ತಂಡಕ್ಕೆ ಕೊಟ್ಟ ಕೊಡುಗೆ ಎಂದು ನಾನು ನಂಬಿದವನು. ಎಂಜಿನ್ ದಣಿವನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ, ಪಂದ್ಯಕ್ಕೆ ಐದೇ ದಿನದ ಮಿತಿ ಇದೆ ಎಂದಾದರೆ ಸೆಹ್ವಾಗ್‌ರನ್ನು ಆರಿಸಿ. ಗೆಲ್ಲಲು ಬೇಕಾದ ಸಮಯವನ್ನು ಅವರು ಉಳಿಸಿಕೊಡುತ್ತಾರೆ.

ಇದೇ ಲೆಕ್ಕದಿಂದ ಇನ್ನೊಂದು ಹಳೆಯ ತಕರಾರೂ ಬಗೆಹರಿಯುತ್ತದೆ. ಆಸ್ಟ್ರೇಲಿಯಾದ ಮೈಕೆಲ್ ಬೆವನ್ ಏಕದಿನದ 196 ಇನಿಂಗ್ಸ್‌ಗಳಲ್ಲಿ 67 ಸಲ ಔಟಾಗದೆ ಉಳಿದವರು, ಸರಾಸರಿ 53.58. ನಾಟೌಟ್‌ಗಳಿಂದ ಉಬ್ಬಿದ ಸರಾಸರಿ ಎಂದು ಮೂಗು ಮುರಿಯುವವರಿದ್ದಾರೆ. ಎಂಜಿನ್ ಹಾಗೆ ನೋಡುವುದಿಲ್ಲ. 72 ಎಸೆತಕ್ಕೊಮ್ಮೆ ಮಾತ್ರ ಔಟಾಗುವ ಆಟಗಾರ ಎಂದು ನೋಡುತ್ತದೆ, ಅದು ಸರಿಯಾದ ನೋಟವೇ. ಐವತ್ತು ಓವರ್‌ಗಳ ಲೀಗಿಗೆ ಬೆವನ್ ಚಿನ್ನ. ಇಪ್ಪತ್ತು ಓವರ್‌ಗಳ ಲೀಗಿನಲ್ಲಿ ಅದೇ ಏಕದಿನದ ಅಂಕಿ ಬಳಸಿದರೆ, 74ರ ಸ್ಟ್ರೈಕ್ ರೇಟಿನವನು ಔಟಾಗದೆ ನಿಂತಷ್ಟೂ ತಂಡಕ್ಕೆ ನಷ್ಟ.

ಈಗ ಎಲ್ಲಕ್ಕಿಂತ ದೊಡ್ಡ ಬಲೆಯ ಮಾತು.

ನಮ್ಮ ಬಳಗದಲ್ಲಿ ಸಿಂದಗಿ ಕಡೆಯ ಒಬ್ಬ ಹುಡುಗನಿದ್ದಾನೆ, ಬಿ.ಎಸ್‌ಸಿ ಓದುತ್ತಾನೆ, ಅಂಕಿಗಳೆಂದರೆ ಜೀವ. ಡ್ರಾಫ್ಟಿನ, ಅಂದರೆ ಸರದಿಯಲ್ಲಿ ಆಟಗಾರರನ್ನು ಆರಿಸಿಕೊಳ್ಳುವ ಹೊತ್ತಿಗೆ ಫೋನ್ ಮಾಡಿದ.

"ಕಾಕಾ, ಕರುಣ್ ನಾಯರ್ ಇನ್ನೂ ಉಳದಾನ. ಟೆಸ್ಟ್ ಸರಾಸರಿ 62 ಐತಿ, ದ್ರಾವಿಡ್‌ಗಿಂತ ಹೆಚ್ಚು. ತಗೊಂಡ್ ಬಿಡ್ಲಾ?"

"ಎಷ್ಟು ಸಲ ಔಟ್ ಆಗ್ಯಾನ ಅನ್ನೂದು ನೋಡಿ ಹೇಳು ತಮ್ಮಾ."

ಸ್ವಲ್ಪ ಹೊತ್ತು ಸುಮ್ಮನಿದ್ದ. "ಆರು ಸಲ."

ಆಟದೊಳಗಿನ ದಾಖಲೆ 2025ಕ್ಕಿಂತ ಹಿಂದಿನದು. ಆಗ ಕರುಣ್ ನಾಯರ್ ಆಡಿದ್ದು 6 ಟೆಸ್ಟ್, 7 ಇನಿಂಗ್ಸ್: 4, 13, 303 ನಾಟೌಟ್, 26, 0, 23, 5. ಒಟ್ಟು 374 ರನ್, ಆರು ಸಲ ಔಟ್, ಸರಾಸರಿ 62.33. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಹೊಡೆದ ಆ ತ್ರಿಶತಕ ಕರ್ನಾಟಕದ ಕ್ರಿಕೆಟ್ ಇರುವ ತನಕ ಉಳಿಯುವ ಇನಿಂಗ್ಸ್. ಆದರೆ ಅದನ್ನು ಬದಿಗಿಟ್ಟರೆ ಉಳಿದ ಆರು ಇನಿಂಗ್ಸ್‌ಗಳಲ್ಲಿ 71 ರನ್. 62 ಎಂಬ ಸಂಖ್ಯೆ ಒಂದೇ ಕಂಬದ ಮೇಲೆ ನಿಂತಿದೆ.

ಸಂಖ್ಯೆ ಎಷ್ಟು ಗಟ್ಟಿ ಎಂದು ಅಳೆಯಲು ಒಂದು ಸುಲಭ ದಾರಿ ಇದೆ. ಬ್ಯಾಟರ್‌ಗಳ ಸ್ಕೋರುಗಳು ವಿಪರೀತ ಏರಿಳಿಯುತ್ತವೆ. ಸಾಮಾನ್ಯವಾಗಿ ಆ ಏರಿಳಿತದ ಪ್ರಮಾಣ ಅವರ ಸರಾಸರಿಯಷ್ಟೇ ಇರುತ್ತದೆ. ಹಾಗಾಗಿ ಸರಾಸರಿಯನ್ನು, ಔಟಾದ ಸಲಗಳ ವರ್ಗಮೂಲದಿಂದ ಭಾಗಿಸಿದರೆ ಆ ಸರಾಸರಿ ಎಷ್ಟು ಆಚೀಚೆ ಇರಬಹುದು ಎಂಬ ಅಂದಾಜು ಸಿಗುತ್ತದೆ. ದ್ರಾವಿಡ್ 254 ಸಲ ಔಟಾದವರು. 52ನ್ನು 254ರ ವರ್ಗಮೂಲವಾದ ಸುಮಾರು 16ರಿಂದ ಭಾಗಿಸಿದರೆ 3 ಚಿಲ್ಲರೆ. ಅಂದರೆ ಅವರ ನಿಜವಾದ ಕಸುವು 49ರಿಂದ 55ರ ಆಸುಪಾಸು ಇರುವ ಸಂಭವವೇ ಹೆಚ್ಚು. ಕರುಣ್‌ರ ಆಗಿನ 62ನ್ನು 6ರ ವರ್ಗಮೂಲ 2.45ರಿಂದ ಭಾಗಿಸಿದರೆ 25. ನಿಜವಾದ ಸಂಖ್ಯೆ 37 ಇರಬಹುದು, 87 ಕೂಡ ಇರಬಹುದು. ಇಂಥ ಅಂಕಿಯನ್ನು ನಂಬಿ ನಾಲ್ಕನೇ ಕ್ರಮಾಂಕ ಕೊಡುವುದು ಹೇಗೆ?

ಇದಕ್ಕೆ ಮದ್ದೂ ಇದೆ. ಪ್ರತಿ ಬ್ಯಾಟರ್‌ನ ದಾಖಲೆಗೆ, ಸಾಧಾರಣ ಬ್ಯಾಟರ್ ಒಬ್ಬ 20 ಸಲ ಔಟಾದ ಲೆಕ್ಕವನ್ನು ಸೇರಿಸಿ. ಮೇಲಿನ ಆರು ಕ್ರಮಾಂಕದ ಸಾಧಾರಣ ಸರಾಸರಿ 35 ಎಂದಿಟ್ಟುಕೊಂಡರೆ ಸೇರಿಸಬೇಕಾದದ್ದು 700 ರನ್, 20 ಔಟ್. ಕರುಣ್‌ರದು 374ಕ್ಕೆ 700 ಕೂಡಿ 1,074, ಭಾಗಿಸುವುದು 26ರಿಂದ, ಬಂದದ್ದು 41.3. ದ್ರಾವಿಡ್‌ರಿಗೆ ಇದೇ ಮದ್ದು ಕೊಟ್ಟರೆ 52.31 ಇದ್ದದ್ದು 51ಕ್ಕೆ ಇಳಿದೀತು ಅಷ್ಟೇ. ಹೆಚ್ಚು ಆಡಿದವರನ್ನು ಈ ಲೆಕ್ಕ ಮುಟ್ಟುವುದಿಲ್ಲ, ಕಡಿಮೆ ಆಡಿದವರನ್ನು ನೆಲಕ್ಕೆ ತರುತ್ತದೆ. 2025ರಲ್ಲಿ ಕರುಣ್ ಎಂಟು ವರ್ಷಗಳ ಮೇಲೆ ಟೆಸ್ಟ್‌ಗೆ ಮರಳಿ ಇಂಗ್ಲೆಂಡಿನಲ್ಲಿ 4 ಪಂದ್ಯ ಆಡಿದರು. 8 ಇನಿಂಗ್ಸ್, 205 ರನ್, ಸರಾಸರಿ 25.62. ಹಳೆಯದೂ ಹೊಸದೂ ಕೂಡಿದರೆ 579 ರನ್, 14 ಸಲ ಔಟ್, ಸರಾಸರಿ 41.35. 62ನ್ನು ನಂಬಿದವನಿಗೆ ಇದು ಆಘಾತ, 41ನ್ನು ನಂಬಿದವನಿಗೆ ಅಲ್ಲ.

ಈ ಬಲೆಯ ತುತ್ತತುದಿಯಲ್ಲಿ ಇರುವವರು ವೆಸ್ಟ್ ಇಂಡೀಸ್‌ನ ಆ್ಯಂಡಿ ಗಾಂಟೋಮ್. 1948ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಒಂದೇ ಟೆಸ್ಟ್, ಒಂದೇ ಇನಿಂಗ್ಸ್, 112 ರನ್. ಮತ್ತೆಂದೂ ಅವರಿಗೆ ಅವಕಾಶ ಸಿಗಲಿಲ್ಲ. ಸರಾಸರಿ 112, ಡಾನ್ ಬ್ರಾಡ್ಮನ್‌ರ 99.94ಕ್ಕಿಂತ ಮೇಲೆ. ಅಂಕಿಗಳನ್ನು ಹಾಗೆಯೇ ನುಂಗುವ ಎಂಜಿನ್ ಅವರನ್ನು ಬ್ರಾಡ್ಮನ್‌ಗಿಂತ ದೊಡ್ಡ ಬ್ಯಾಟರ್ ಎಂದು ಆಡಿಸುತ್ತದೆ! ಲೀಗಿನ ನಿಯಮದಲ್ಲಿ "ಕನಿಷ್ಠ ಇಷ್ಟು ಟೆಸ್ಟ್ ಆಡಿರಬೇಕು" ಎಂಬ ಸಾಲು ಯಾಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಡ. ಮಹಿಳಾ ಕ್ರಿಕೆಟಿಗರ ಟೆಸ್ಟ್ ಲೀಗ್ ಮಾಡುವವರಂತೂ ಈ ಮದ್ದನ್ನು ಮರೆಯಲೇಬಾರದು. ಇಡೀ ವೃತ್ತಿಯಲ್ಲಿ ಮಿಥಾಲಿ ರಾಜ್ ಅಂಥವರಿಗೇ ಸಿಕ್ಕದ್ದು 12 ಟೆಸ್ಟ್.

ನೆನಪು ಕೂಡ ಇಂಥದೇ ಮೋಸ ಮಾಡುತ್ತದೆ. ಗದಗದ ಸುನಿಲ್ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್‌ಗಳಲ್ಲಿ 6 ಮೇಡನ್, 6 ರನ್, 5 ವಿಕೆಟ್ ತೆಗೆದದ್ದು ಉತ್ತರ ಕರ್ನಾಟಕದವರ ಬಾಯಲ್ಲಿ ಇವತ್ತಿಗೂ ಇದೆ, ಇರಲೂ ಬೇಕು. ಆದರೆ ಎಂಜಿನ್‌ಗೆ ಆ ದಿನ ನೆನಪಿಲ್ಲ, ಇಡೀ ವೃತ್ತಿಯ ಮೊತ್ತ ಮಾತ್ರ ಗೊತ್ತು. ನಮ್ಮೂರಿನವರೇ ಆದ ರಾಜೇಶ್ವರಿ ಗಾಯಕವಾಡ ಅವರ ವಿಷಯದಲ್ಲಿ ಮಾತ್ರ ಅಭಿಮಾನವೂ ಲೆಕ್ಕವೂ ಒಂದೇ ದಾರಿಯಲ್ಲಿ ಹೋಗುತ್ತವೆ. 2017ರ ವಿಶ್ವಕಪ್‌ನಲ್ಲಿ ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಪಡೆದರು. ಅದನ್ನು ಮರೆತರೂ ಏಕದಿನದಲ್ಲಿ ಓವರಿಗೆ 4 ರನ್ನಿಗಿಂತ ಕಡಿಮೆ ಕೊಟ್ಟ ಎಡಗೈ ಸ್ಪಿನ್ನರ್ ಉಳಿಯುತ್ತಾರೆ. ಮಹಿಳೆಯರ ಏಕದಿನ ಲೀಗಿನಲ್ಲಿ ಅವರನ್ನು ಕಣ್ಣುಮುಚ್ಚಿ ಆರಿಸಬಹುದು.

ಇನ್ನು ಕಾಲದ ಪ್ರಶ್ನೆ. ಆಟ ಶುರು ಮಾಡುವ ಮುಂಚೆ ನಿಯಮಗಳ ಪುಟದಲ್ಲಿ ಒಂದೇ ಒಂದು ಸಾಲು ಹುಡುಕಿ: ಈ ಎಂಜಿನ್ ಆಟಗಾರನ ಅಂಕಿಗಳನ್ನು ಅವನ ಕಾಲಕ್ಕೆ ತಕ್ಕಂತೆ ಹೊಂದಿಸುತ್ತದೆಯೇ? ವಿವಿಯನ್ ರಿಚರ್ಡ್ಸ್ ಏಕದಿನದಲ್ಲಿ 47ರ ಸರಾಸರಿ, 90.20ರ ಸ್ಟ್ರೈಕ್ ರೇಟ್ ಇಟ್ಟುಕೊಂಡವರು. 1980ರ ದಶಕದಲ್ಲಿ ಅದು ಎಂಥ ಭಯಂಕರ ವೇಗ ಎಂಬುದು ಆಗ ರೇಡಿಯೋ ಕೇಳಿದವರಿಗೆ ಗೊತ್ತು. ಇವತ್ತಿನ ಲೆಕ್ಕದಲ್ಲಿ 90 ಸಾಧಾರಣ. ಕಾಲಕ್ಕೆ ಹೊಂದಿಸುವ ಎಂಜಿನ್‌ನಲ್ಲಿ ರಿಚರ್ಡ್ಸ್ ಮೊದಲ ಸುತ್ತಿನಲ್ಲೇ ಹೋಗಬೇಕು. ಹೊಂದಿಸದ ಎಂಜಿನ್‌ನಲ್ಲಿ ಅವರಿಗಾಗಿ ಮೊದಲ ಆಯ್ಕೆಯನ್ನು ಕಳೆಯಬಾರದು.

ಬೌಲರ್‌ಗಳಿಗೆ ಇದು ತಿರುಗುಮುರುಗು. ಅದೇ ಕಾಲದ ಜೋಯಲ್ ಗಾರ್ನರ್ ಏಕದಿನದಲ್ಲಿ 146 ವಿಕೆಟ್‌ಗಳನ್ನು 18.84ರ ಸರಾಸರಿಯಲ್ಲಿ ತೆಗೆದರು, ಎಕಾನಮಿ 3.09. ಹೊಂದಿಸದ ಎಂಜಿನ್‌ನಲ್ಲಿ ಗಾರ್ನರ್ ಹತ್ತು ಓವರ್ ಮುಗಿಸಿದರೆ ಎದುರಾಳಿಗೆ ಮೂವತ್ತು ಚಿಲ್ಲರೆ ರನ್. ಟೆಸ್ಟ್ ಲೀಗಾದರೆ ಇಂಗ್ಲೆಂಡಿನ ಜಾರ್ಜ್ ಲೋಮನ್ ಇದ್ದಾರೆ: 1886ರಿಂದ 1896ರ ತನಕ 18 ಟೆಸ್ಟ್, 112 ವಿಕೆಟ್, ಸರಾಸರಿ 10.75. ಪಿಚ್‌ಗೆ ಹೊದಿಕೆಯೇ ಇಲ್ಲದ, ಮಳೆ ಬಂದರೆ ನೆನೆದೇ ಆಡುತ್ತಿದ್ದ ಕಾಲದ ಅಂಕಿ ಅದು. ಎಂಜಿನ್‌ಗೆ ಮಳೆ ತಿಳಿಯದಿದ್ದರೆ ಲೋಮನ್ ವೆಸ್ಟ್ ಇಂಡೀಸ್‌ನ ವೇಗಿ ಮಾಲ್ಕಂ ಮಾರ್ಷಲ್‌ಗಿಂತ ಎರಡು ಪಟ್ಟು ಒಳ್ಳೆಯ ಬೌಲರ್ ಆಗಿಬಿಡುತ್ತಾರೆ. ಹಾಗಾಗಿ ಹೊಂದಿಸದ ಎಂಜಿನ್‌ಗೆ ಸೂತ್ರ ಸರಳ: ಬೌಲರ್‌ಗಳನ್ನು ಹಳೆಯ ಕಾಲದಿಂದ, ಬ್ಯಾಟರ್‌ಗಳನ್ನು ಈಗಿನ ಕಾಲದಿಂದ. ಹೀಗೆ ಕಟ್ಟಿದ ತಂಡ ನೋಡಲಿಕ್ಕೆ ವಿಚಿತ್ರವಾಗಿರುತ್ತದೆ, ಕ್ರಿಕೆಟ್ ಪ್ರೇಮಿಯ ಮನಸ್ಸಿಗೆ ಒಗ್ಗುವುದೂ ಇಲ್ಲ. ಆದ್ದರಿಂದಲೇ ಕಾಲಕ್ಕೆ ಹೊಂದಿಸುವ ಎಂಜಿನ್ ಇರುವ ಲೀಗುಗಳನ್ನೇ ಆಡಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ಪಿಚ್ ವಿಷಯಕ್ಕೆ ಬಂದರೆ ನಮ್ಮ ಜಿಲ್ಲೆಯವರಿಗೆ ಪಾಠ ಹೇಳಬೇಕಾಗಿಲ್ಲ. ಎರಿ ಅಂದರೆ ಕಪ್ಪು ಮಣ್ಣಿನ ಹೊಲಕ್ಕೆ ಬಿಳಿಜೋಳ, ಮಸಾರಿ ಅಂದರೆ ಕೆಂಪು ಮಣ್ಣಿಗೆ ಶೇಂಗಾ ಎಂದು ಮಣ್ಣು ನೋಡಿ ಬೀಜ ಹಾಕಿದ ಮಂದಿ ನಾವು. ತಂಡವನ್ನೂ ಹಾಗೇ ಕಟ್ಟಬೇಕು. ಕಪ್ಪು ಮಣ್ಣಿನ ಪಿಚ್ ಸಾಮಾನ್ಯವಾಗಿ ತೇವ ಹಿಡಿದುಕೊಳ್ಳುತ್ತದೆ, ಚೆಂಡು ನಿಧಾನ, ಪುಟಿತ ಕಡಿಮೆ. ಕೆಂಪು ಮಣ್ಣಿನದರಲ್ಲಿ ಪುಟಿತ ಹೆಚ್ಚು, ಬೇಗ ಒಣಗಿ ಮೇಲ್ಮೈ ಒಡೆಯುತ್ತದೆ. ಅಹಮದಾಬಾದಿನ ದೊಡ್ಡ ಮೈದಾನದಲ್ಲಿ ಎರಡೂ ಬಗೆಯ ಪಿಚ್‌ಗಳಿವೆ. 2023ರ ನವೆಂಬರ್ 19ರ ವಿಶ್ವಕಪ್ ಫೈನಲ್ ನಡೆದದ್ದು ಕಪ್ಪು ಮಣ್ಣಿನ ಮೇಲೆ. ಮಧ್ಯಾಹ್ನದ ನಿಧಾನ ಪಿಚ್‌ನಲ್ಲಿ ಭಾರತ 240ಕ್ಕೆ ನಿಂತದ್ದನ್ನು ಯಾರೂ ಮರೆತಿಲ್ಲ. ಎಂಜಿನ್‌ನಲ್ಲಿ ಈ ಎಲ್ಲವೂ ವೇಗ, ಪುಟಿತ, ತಿರುವು, ಸವೆತ ಎಂಬ ಮೂರ್ನಾಲ್ಕು ಸಂಖ್ಯೆಗಳಾಗಿ ಕೂತಿರುತ್ತದೆ. ತವರು ಪಿಚ್ ಆರಿಸುವ ಅವಕಾಶವಿದ್ದರೆ ಬೌಲರ್‌ಗಳನ್ನು ಆರಿಸಿದ ಮೇಲೆ ಪಿಚ್ ಆರಿಸಿ. ಅರ್ಧ ಪಂದ್ಯಗಳು ಅಲ್ಲೇ ನಡೆಯುವುದು.

ಒಂದು ಸೂಕ್ಷ್ಮ ಇಲ್ಲಿದೆ. ಕುಂಬ್ಳೆ ಅವರ 619 ಟೆಸ್ಟ್ ವಿಕೆಟ್‌ಗಳಲ್ಲಿ 350 ತವರಿನವು, ಸರಾಸರಿ 24.88. ಹೊರದೇಶದಲ್ಲಿ 269, ಸರಾಸರಿ 35.85. ಎರಡೂ ಸೇರಿ 29.65. ಎಂಜಿನ್ 29.65 ತಗೊಂಡು, ತಿರುಗುವ ಪಿಚ್ ಎಂದು ಅದರ ಮೇಲೆ ಲಾಭ ಕೊಟ್ಟರೆ ಕುಂಬ್ಳೆಗೆ ಸರಿಯಾದ ನ್ಯಾಯವೇ ಸಿಕ್ಕಂತೆ. ಆದರೆ ಶೇನ್ ವಾರ್ನ್‌ಗೂ ಅದೇ ಲಾಭ ಕೊಡುತ್ತದೆ. ವೃತ್ತಿ ಸರಾಸರಿ 25.41 ಇದ್ದ ವಾರ್ನ್ ಭಾರತದಲ್ಲಿ 43.11 ರನ್ನಿಗೊಂದು ವಿಕೆಟ್ ತೆಗೆದವರು. ಸ್ಪಿನ್ ಆಡುತ್ತಲೇ ಬೆಳೆದ ಬ್ಯಾಟರ್‌ಗಳು ಎದುರಿಗಿದ್ದದ್ದು ಅದಕ್ಕೆ ಕಾರಣ. ಬಹುಪಾಲು ಎಂಜಿನ್‌ಗಳಿಗೆ ಇದು ಗೊತ್ತಿಲ್ಲ. ಬ್ಯಾಟರ್‌ಗೆ ಸ್ಪಿನ್ ಎದುರಿನ ಅಂಕಿ, ವೇಗದೆದುರಿನ ಅಂಕಿ ಬೇರೆ ಬೇರೆ ಇವೆಯೇ ಎಂದು ನೋಡಿ. ಇಲ್ಲದಿದ್ದರೆ ಧೂಳೇಳುವ ಪಿಚ್‌ನಲ್ಲಿ ವಾರ್ನ್‌ರನ್ನು ಆಡಿಸುವುದೇ ಜಾಣತನ, ಚರಿತ್ರೆ ಏನೇ ಹೇಳಲಿ.

ಡ್ರಾಫ್ಟಿನ ದಿನ ಯಾರನ್ನು ಮೊದಲು ಕರೆಯಬೇಕು? ಬ್ರಾಡ್ಮನ್ ಸಿಕ್ಕರೆ ಬ್ರಾಡ್ಮನ್, ಚರ್ಚೆ ಬೇಡ. ಆಮೇಲೆ ನೋಡಬೇಕಾದದ್ದು ಆಟಗಾರ ಎಷ್ಟು ಒಳ್ಳೆಯವನು ಎಂಬುದನ್ನಲ್ಲ; ಅವನ ಜಾಗಕ್ಕೆ ಕೊನೆಯ ಸುತ್ತಿನಲ್ಲಿ ಸಿಗುವವನಿಗಿಂತ ಎಷ್ಟು ಮೇಲು ಎಂಬುದನ್ನು. ಟೆಸ್ಟ್ ಆರಂಭಿಕರನ್ನು ಎಣಿಸಿ: ಸಟ್‌ಕ್ಲಿಫ್ 60.73, ಹಾಬ್ಸ್ 56.94, ಹಟನ್ 56.67, ಗಾವಸ್ಕರ್ 51.12, ಹೇಡನ್ 50.73, ಸೆಹ್ವಾಗ್ 49.34, ಗ್ರೇಮ್ ಸ್ಮಿತ್ 48.25. ಆರನೇ ಸುತ್ತಿನ ತನಕ ಕಾದರೂ ಐವತ್ತರ ಆಸುಪಾಸಿನವನು ಸಿಗುತ್ತಾನೆ. ಈಗ ವಿಕೆಟ್‌ಕೀಪರ್‌ಗಳನ್ನು ಎಣಿಸಿ: ಆ್ಯಂಡಿ ಫ್ಲವರ್ 51.54, ಗಿಲ್‌ಕ್ರಿಸ್ಟ್ 47.60, ಧೋನಿ 38.09, ಬೌಚರ್ 30.30, ಹೀಲಿ 27.39, ಕಿರ್ಮಾನಿ 27.04, ಮಾರ್ಷ್ 26.51. ಮೆಟ್ಟಿಲು ಥಟ್ಟನೆ ಇಳಿಯುತ್ತದೆ. ಪಟ್ಟಿಯಲ್ಲಿ ಇಂಥವರೇ ಇದ್ದರೆ ಎಂಟು ತಂಡಗಳ ಲೀಗಿನಲ್ಲಿ ತಡ ಮಾಡಿದವನಿಗೆ ಉಳಿಯುವುದು ಇಪ್ಪತ್ತೇಳರ ಕೀಪರ್. ಗಿಲ್‌ಕ್ರಿಸ್ಟ್‌ರನ್ನು ಎರಡನೇ ಸುತ್ತಿನಲ್ಲಿ ಕರೆದವನು ಒಂದು ಇನಿಂಗ್ಸ್‌ಗೆ ಇಪ್ಪತ್ತು ರನ್ ಗಳಿಸಿಕೊಂಡ. ಎರಡನೇ ಸುತ್ತಿನಲ್ಲಿ ಹಾಬ್ಸ್‌ರನ್ನು ಕರೆದವನು ಗಳಿಸಿದ್ದು ಏಳೆಂಟು ರನ್.

ಕಿರ್ಮಾನಿ ಅವರ ಹೆಸರು ಆ ಪಟ್ಟಿಯ ಕೆಳಗೆ ಬಂದದ್ದು ನನಗೂ ಹಿಡಿಸುವುದಿಲ್ಲ. ಪ್ರಸನ್ನ, ಚಂದ್ರಶೇಖರ್ ಅವರ ಎಸೆತಗಳಿಗೆ ನಿಂತು ಟೆಸ್ಟ್‌ನಲ್ಲಿ 38 ಸ್ಟಂಪಿಂಗ್ ಮಾಡಿದ ಕೈಗಳವು. ಎಂಜಿನ್ ಕೀಪಿಂಗ್ ಕೌಶಲವನ್ನು ಲೆಕ್ಕಕ್ಕೆ ತಗೊಳ್ಳುತ್ತದೆ, ನಿಮ್ಮ ತಂಡದಲ್ಲಿ ಇಬ್ಬರು ಸ್ಪಿನ್ನರ್‌ಗಳಿದ್ದಾರೆ ಎಂದಾದರೆ ಕಿರ್ಮಾನಿ ಬಹಳ ಅಗ್ಗಕ್ಕೆ ಸಿಗುವ ರತ್ನ.

ಆಲ್‌ರೌಂಡರ್‌ಗಳ ಕಥೆಯೂ ಕೀಪರ್‌ಗಳದೇ: ಇರುವವರೇ ಕೆಲವರು. ಬ್ಯಾಟಿಂಗ್ ಸರಾಸರಿಯಿಂದ ಬೌಲಿಂಗ್ ಸರಾಸರಿಯನ್ನು ಕಳೆದು ನೋಡಿ. ಸೋಬರ್ಸ್ 57.78ರಲ್ಲಿ 34.03 ಕಳೆದರೆ ಸುಮಾರು 24, ಕಾಲಿಸ್ 55.37ರಲ್ಲಿ 32.65 ಕಳೆದರೆ 23, ಇಮ್ರಾನ್ ಖಾನ್ 37.69ರಲ್ಲಿ 22.81 ಕಳೆದರೆ 15. ಈ ಸಂಖ್ಯೆ ಇಡೀ ಕಥೆ ಹೇಳುವುದಿಲ್ಲ. ಸೋಬರ್ಸ್ ಮತ್ತು ಕಾಲಿಸ್ ಬ್ಯಾಟರ್ ಜಾಗ ತುಂಬಿ ಮೇಲೊಂದಿಷ್ಟು ಓವರ್ ಕೊಡುತ್ತಾರೆ, ಇಮ್ರಾನ್ ಮುಖ್ಯ ಬೌಲರ್ ಜಾಗ ತುಂಬಿ ಏಳನೇ ಕ್ರಮಾಂಕವನ್ನು ಗಟ್ಟಿ ಮಾಡುತ್ತಾರೆ. ನಿಮ್ಮ ತಂಡದಲ್ಲಿ ಚಂದ್ರಶೇಖರ್ ಅಂಥ ಬೌಲರ್ ಇದ್ದರೆ ಇಮ್ರಾನ್‌ರಂಥವರು ಬೇಕೇ ಬೇಕು. ಚಂದ್ರ ಟೆಸ್ಟ್‌ನಲ್ಲಿ ತೆಗೆದ ವಿಕೆಟ್ 242, ಹೊಡೆದ ರನ್ 167.

ಇಪ್ಪತ್ತು ಓವರ್‌ಗಳ ಲೀಗಿನಲ್ಲಿ ಅತಿ ಹೆಚ್ಚು ಜನ ಎಡವುವುದು ಐದನೇ ಬೌಲರ್ ವಿಷಯದಲ್ಲಿ. ಏಳು ಬ್ಯಾಟರ್, ನಾಲ್ಕು ಬೌಲರ್ ಇಟ್ಟುಕೊಂಡು ಉಳಿದ ನಾಲ್ಕು ಓವರ್‌ಗಳನ್ನು ಯಾರಾದರೂ ಬ್ಯಾಟರ್‌ಗಳಿಂದ ಹಾಕಿಸಿದರಾಯಿತು ಎಂದುಕೊಳ್ಳುತ್ತಾರೆ. ಎಸೆತಗಳನ್ನು ಎಣಿಸಿದರೆ ಇದು ಎಷ್ಟು ದುಬಾರಿ ಎಂದು ಗೊತ್ತಾಗುತ್ತದೆ. ಏಳನೇ ಕ್ರಮಾಂಕದವನಿಗೆ ಒಂದು ಪಂದ್ಯದಲ್ಲಿ ಸಿಗುವುದು ಎಂಟು ಎಸೆತ ಎಂದಿಟ್ಟುಕೊಳ್ಳಿ. ಅವನ ಸ್ಟ್ರೈಕ್ ರೇಟ್ 110ರ ಬದಲು 130 ಇದ್ದರೆ ತಂಡಕ್ಕೆ ಲಾಭ ಒಂದೂವರೆ ರನ್. ಒಬ್ಬ ಬೌಲರ್‌ಗೆ ನಾಲ್ಕು ಓವರ್‌ಗಿಂತ ಹೆಚ್ಚಿಲ್ಲ ಎಂಬ ನಿಯಮದಿಂದಾಗಿ ಐದನೇ ಬೌಲರ್‌ಗೆ ಮಾತ್ರ ಮೊದಲನೆಯವನಷ್ಟೇ ಎಸೆತಗಳು: 24. ಅವನ ಎಕಾನಮಿ 7.5ರ ಬದಲು 9.5 ಆದರೆ ನಾಲ್ಕು ಓವರಿಗೆ ಎಂಟು ರನ್ ಹೋಯಿತು, ಬೀಳದ ವಿಕೆಟ್‌ಗಳ ಲೆಕ್ಕ ಬೇರೆ. ಬ್ಯಾಟಿಂಗ್‌ನಲ್ಲಿ ಎಸೆತಗಳು ಮೇಲಿನವರಿಗೆ ಹೆಚ್ಚು, ಕೆಳಗಿನವರಿಗೆ ಕಡಿಮೆ. ಬೌಲಿಂಗ್‌ನಲ್ಲಿ ನಿಯಮವೇ ಎಲ್ಲರಿಗೂ ಸಮ ಹಂಚುತ್ತದೆ. ಹೀಗಾಗಿ ಐದನೇ ಬೌಲರ್‌ಗೆ ಒಳ್ಳೆಯ ಆಯ್ಕೆ ಮೀಸಲಿಡಿ, ಏಳನೆಯ ಬ್ಯಾಟರ್‌ನನ್ನು ಕೊನೆಗೆ ಹುಡುಕಿ.

ತಂಡ ಕಟ್ಟಿದ ಮೇಲೆ ಬರುವ ಕಷ್ಟ ಕೈ ಕಟ್ಟಿ ಕೂರುವುದು. ಮೊದಲು ನೋಡಿದ ಬ್ಯಾಟರ್‌ನನ್ನೇ ತಗೊಳ್ಳಿ, ಎಸೆತಕ್ಕೆ ನೂರಕ್ಕೆ 4ರಷ್ಟು ಔಟಾಗುವವನು. ಐದು ಎಸೆತದೊಳಗೆ ಅವನು ಔಟಾಗುವ ಸಂಭವ ನೂರಕ್ಕೆ 18ಕ್ಕಿಂತ ಹೆಚ್ಚು. 14 ಪಂದ್ಯಗಳ ಲೀಗಿನಲ್ಲಿ ಎರಡು ಮೂರು ಸಲ ಅವನು ಬಂದಷ್ಟೇ ವೇಗದಲ್ಲಿ ಹೋಗುವುದು ಸಹಜ, ಆ ಎರಡು ಮೂರು ಒಂದರ ಹಿಂದೊಂದು ಬಂದರೂ ಅಚ್ಚರಿಯಿಲ್ಲ. ನಿಜವಾದ ಆಟಗಾರನಾದರೆ ಫಾರ್ಮ್ ಹೋಗಿದೆ, ಮನೆಯಲ್ಲಿ ಏನೋ ತೊಂದರೆ, ಮೊಣಕೈ ನೋವು ಎಂದು ಅನುಮಾನಿಸಬಹುದು. ಎಂಜಿನ್ ಒಳಗಿನ ಆಟಗಾರನಿಗೆ ಮೊಣಕೈ ಇಲ್ಲ. ಮುಂದಿನ ಪಂದ್ಯದಲ್ಲೂ ಅವನ ಸಂಭವ ಅದೇ ನೂರಕ್ಕೆ 4. ಮೂರು ಸೊನ್ನೆ ನೋಡಿ ಅವನನ್ನು ಕೈಬಿಟ್ಟು, ಬೆಂಚಿನಲ್ಲಿರುವ ಕಡಿಮೆಯವನನ್ನು ತರುವುದು ನಷ್ಟವನ್ನು ನೀವೇ ಕರೆದು ಕೂರಿಸಿದಂತೆ. ಕೆಲವು ಎಂಜಿನ್‌ಗಳಲ್ಲಿ ಫಾರ್ಮ್ ಎಂಬ ಪ್ರತ್ಯೇಕ ಸಂಖ್ಯೆ ಇರುತ್ತದೆ. ಇದ್ದರೆ ಪರದೆಯ ಮೇಲೆ ಅದು ಕಾಣಿಸುತ್ತದೆ, ಆಗ ಅದನ್ನು ನೋಡಿ ನಿರ್ಧರಿಸಿ, ಸ್ಕೋರ್ ನೋಡಿ ಅಲ್ಲ.

ಆಟಗಾರನನ್ನು ಬದಲಿಸಬೇಕೋ ಬೇಡವೋ ಎಂದು ತಿಳಿಯಲು ಅಭ್ಯಾಸ ಪಂದ್ಯಗಳಿವೆ. ಇಡೀ ತಂಡವನ್ನು ಹಾಗೇ ಇಟ್ಟು ಒಬ್ಬನನ್ನು ಮಾತ್ರ ಬದಲಿಸಿ, ಅದೇ ಎದುರಾಳಿಯ ಮೇಲೆ, ಅದೇ ಪಿಚ್‌ನಲ್ಲಿ ಆಡಿಸಿ. ಹತ್ತು ಪಂದ್ಯ ಸಾಲದು. ಇಪ್ಪತ್ತು ಓವರ್‌ಗಳ ಮೊತ್ತ 25 ರನ್ ಆಚೀಚೆ ಓಲಾಡುವುದು ಸಹಜ. ಹತ್ತು ಪಂದ್ಯಗಳ ಸರಾಸರಿಯೇ ಎಂಟು ರನ್ ಆಚೀಚೆ ಇರುತ್ತದೆ, ನೂರು ಪಂದ್ಯಗಳದು ಎರಡೂವರೆ. ನೀವು ಹುಡುಕುತ್ತಿರುವ ವ್ಯತ್ಯಾಸ ನಾಲ್ಕೈದು ರನ್ನಿನದಾದರೆ ಎರಡೂ ಕಡೆ ನೂರಕ್ಕೆ ಕಡಿಮೆ ಆಡಿಸಿ ಪ್ರಯೋಜನವಿಲ್ಲ. ಸಿಂದಗಿಯ ಹುಡುಗ ಈಗ ರಾತ್ರಿ ಮಲಗುವ ಮುಂಚೆ ನೂರು ಪಂದ್ಯಗಳಿಗೆ ಸಾಲು ಹಚ್ಚಿಟ್ಟು, ಮುಂಜಾನೆ ಫಲಿತಾಂಶವನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳುತ್ತಾನೆ. ಈ ಸಲದ ಡ್ರಾಫ್ಟಿನಲ್ಲಿ ಅವನ ಮೊದಲ ಮೂರು ಕರೆಗಳು: ಕಾಲಿಸ್, ಗಿಲ್‌ಕ್ರಿಸ್ಟ್, ಇಮ್ರಾನ್.